ಲಿಂಕ್ ಎಲ್ಲಿಗೂ ಹೋಗಿಲ್ಲ, ವಿಂಡೋ ಚಿಕ್ಕದಾಗಿದೆ

ಪ್ರಶ್ನೆ: ನಾನು ಹಾಸನದವಳು. ಬೆಂಗಳೂರಿನಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿ 3 ತಿಂಗಳಾಯಿತು. ಪೈಥಾನ್‌ನಲ್ಲಿ ಸೆಲೆನಿಯಂ (ಬ್ರೌಸರನ್ನು ತಾನಾಗಿ ಓಡಿಸುವ ಟೂಲ್) ಸ್ಕ್ರಿಪ್ಟ್ ಬರೆದಿದ್ದೇನೆ. ಲಾಗಿನ್ ಆಗಿ, ಮೇಲಿನ ಮೆನುವಿನಲ್ಲಿರುವ ‘ವರದಿಗಳು’ ಲಿಂಕ್ ಒತ್ತಬೇಕು, ಅಷ್ಟೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಸಲ ಓಡಿಸಿದರೂ ಸರಿಯಾಗಿದೆ. ರಾತ್ರಿ ಸರ್ವರ್‌ನಲ್ಲಿ ಹೆಡ್‌ಲೆಸ್ ಕ್ರೋಮ್‌ನಲ್ಲಿ (ಕಣ್ಣಿಗೆ ಕಾಣುವ ವಿಂಡೋ ತೆರೆಯದೆ ಓಡುವ ಕ್ರೋಮ್) ಓಡಿದಾಗ ಮಾತ್ರ ‘ಎಲಿಮೆಂಟ್ ನಾಟ್ ಇಂಟರಾಕ್ಟಬಲ್’ (ಅದನ್ನು ಒತ್ತಲು ಆಗುತ್ತಿಲ್ಲ) ಅಂತ ಫೇಲ್ ಆಗುತ್ತದೆ. 30 ಸೆಕೆಂಡ್ ಸ್ಲೀಪ್ ಹಾಕಿ, ಅಂದರೆ ಅಷ್ಟು ಹೊತ್ತು ಕಾಯಿಸಿ ನೋಡಿದೆ. ವಿಂಡೋ ಮ್ಯಾಕ್ಸಿಮೈಜ್ ಮಾಡುವ ಸಾಲೂ ಸೇರಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಫೇಲ್ ಆದಾಗಿನ ಸ್ಕ್ರೀನ್‌ಶಾಟ್ ಕಳಿಸಿದ್ದೇನೆ.
– ಒಬ್ಬ ಓದುಗಿ

ಉತ್ತರ: ಸ್ಕ್ರೀನ್‌ಶಾಟ್ ಕಳಿಸಿದ್ದು ಒಳ್ಳೆಯದಾಯಿತು. ಅದರ ಅಳತೆ ನೋಡಿದಿರಾ? 800 ಅಗಲ, 600 ಎತ್ತರ. ಬಲಗಡೆ ಮೇಲೆ ಮೂರು ಸಣ್ಣ ಗೆರೆಗಳಿವೆ, ಫೋನಿನಲ್ಲಿ ಕಾಣುತ್ತದಲ್ಲ, ಅದೇ. ನಿಮ್ಮ ‘ವರದಿಗಳು’ ಲಿಂಕ್ ಆ ಗೆರೆಗಳ ಹಿಂದೆ ಮಡಚಿಕೊಂಡು ಕೂತಿದೆ.

ಹೆಡ್‌ಲೆಸ್ ಕ್ರೋಮ್‌ಗೆ ನಾವು ಅಳತೆ ಹೇಳದಿದ್ದರೆ ಅದು ಸಾಮಾನ್ಯವಾಗಿ 800×600ರ ಆಸುಪಾಸಿನ ಚಿಕ್ಕ ಅಳತೆ ಇಟ್ಟುಕೊಳ್ಳುತ್ತದೆ. ಎಷ್ಟೋ ವೆಬ್‌ಸೈಟ್‌ಗಳಲ್ಲಿ ಪುಟದ ಅಗಲ 992 ಪಿಕ್ಸೆಲ್‌ಗಿಂತ ಕಡಿಮೆಯಾದರೆ ಮೇಲಿನ ಮೆನು ಮಡಚಿಕೊಳ್ಳುತ್ತದೆ. ಬೂಟ್‌ಸ್ಟ್ರ್ಯಾಪ್ (ಸೈಟ್ ವಿನ್ಯಾಸಕ್ಕೆ ಸಿದ್ಧ ಕೋಡ್) ಬಳಸಿದವರಲ್ಲಿ ಇದು ತುಂಬಾ ಸಾಮಾನ್ಯ. ಲಿಂಕ್ ಪುಟದ ಕೋಡ್‌ನಲ್ಲಿ ಇರುತ್ತದೆ, ಅದಕ್ಕೇ ಸೆಲೆನಿಯಂಗೆ ಸಿಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಒತ್ತಲು ಆಗುವುದಿಲ್ಲ. ನೀವು ಗಂಟೆಗಟ್ಟಲೆ ಕಾಯಿಸಿದರೂ ಅದು ಹೊರಗೆ ಬರುವುದಿಲ್ಲ.

ಮ್ಯಾಕ್ಸಿಮೈಜ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ದೊಡ್ಡದಾಗಲು ಮುಂದೆ ಒಂದು ಸ್ಕ್ರೀನ್ ಇರಬೇಕು. ಹೆಡ್‌ಲೆಸ್‌ಗೆ ನಿಜವಾದ ಸ್ಕ್ರೀನೇ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಅದನ್ನು ನಂಬಬೇಡಿ. ಸ್ಕ್ರೀನ್ 1920 ಅಗಲವಿದ್ದರೂ ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಎಲ್ಲವನ್ನೂ ಹಿಗ್ಗಿಸಿ ತೋರಿಸುವ ಸೆಟ್ಟಿಂಗ್) 150% ಇದ್ದರೆ ಪುಟಕ್ಕೆ ಸಿಗುವುದು 1280 ಮಾತ್ರ. ಪಕ್ಕದವರ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಲೆಕ್ಕ.

ಹಾಗಾಗಿ ಅಳತೆಯನ್ನು ನೀವೇ ಹೇಳಿ, ಬ್ರೌಸರ್ ತೆರೆಯುವ ಮೊದಲೇ. ಕ್ರೋಮ್ ಆಪ್ಷನ್ಸ್‌ನಲ್ಲಿ ಎರಡು ಹೈಫನ್ ಹಾಕಿ ‘ವಿಂಡೋ-ಸೈಜ್=1920,1080’ ಅಂತ ಇಂಗ್ಲಿಷಿನಲ್ಲಿ ಬರೆಯಿರಿ. ನಡುವೆ ಕಾಮಾ ಇರಲಿ, ಜಾಗ ಬಿಡಬೇಡಿ. ಓಡುವಾಗ ಮಧ್ಯದಲ್ಲಿ ಬದಲಿಸಬೇಕಿದ್ದರೆ ‘ಸೆಟ್ ವಿಂಡೋ ಸೈಜ್’ ಇದೆ. ಆದರೆ ಅದು ಅಳೆಯುವುದು ಇಡೀ ವಿಂಡೋವನ್ನು. ಟ್ಯಾಬ್, ಅಡ್ರೆಸ್ ಬಾರ್ ಎಲ್ಲ ಅದರೊಳಗೇ ಬಂತು. ಕಣ್ಣಿಗೆ ಕಾಣುವ ವಿಂಡೋದಲ್ಲಿ 1280×720 ಕೇಳಿದರೆ ಪುಟಕ್ಕೆ 720 ಎತ್ತರ ಸಿಗುವುದಿಲ್ಲ. ಪುಟಕ್ಕೇ ಸರಿಯಾದ ಅಳತೆ ಬೇಕಿದ್ದರೆ ಜಾವಾಸ್ಕ್ರಿಪ್ಟ್‌ನಲ್ಲಿ ‘ಔಟರ್ ಹೈಟ್’ನಿಂದ (ಇಡೀ ವಿಂಡೋದ ಎತ್ತರ) ‘ಇನ್ನರ್ ಹೈಟ್’ (ಪುಟದ ಎತ್ತರ) ಕಳೆಯಿರಿ. ಬಂದ ವ್ಯತ್ಯಾಸವನ್ನು ಸೇರಿಸಿ ಕೇಳಿ.

ಮುಂದೆ ಬೇರೆ ಟೂಲ್‌ಗೆ ಹೋದರೂ ಇದು ಮರೆಯಬೇಡಿ. ಪಪೆಟಿಯರ್ ಪುಟವನ್ನು 800×600ಕ್ಕೆ ತೆರೆಯುತ್ತದೆ, ಪ್ಲೇರೈಟ್ 1280×720ಕ್ಕೆ, ಹೆಡ್‌ಲೆಸ್ ಫೈರ್‌ಫಾಕ್ಸ್ 1366×768ಕ್ಕೆ. ಒಂದೇ ಸೈಟ್ ಮೂರು ಥರ ಕಾಣಬಹುದು.

ಇನ್ನೊಂದು ವಿಷಯ ಹೇಳಲೇಬೇಕು. 2018ರಲ್ಲಿ ನಾನು ಬಸ್ ಟಿಕೆಟ್ ಬುಕ್ ಮಾಡುವ ಒಂದು ಸೈಟ್‌ಗೆ ಟೆಸ್ಟ್ ಬರೆಯುತ್ತಿದ್ದೆ. ಸೀಟು ಆರಿಸಿದ ಮೇಲೆ ‘ಮುಂದೆ’ ಬಟನ್ ಒತ್ತಬೇಕು. ಸಹೋದ್ಯೋಗಿಯ 1366×768 ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಫೇಲ್, ನನ್ನ ದೊಡ್ಡ ಮಾನಿಟರ್‌ನಲ್ಲಿ ಪಾಸ್. ಆಫರ್ ತೋರಿಸುವ ಹಳದಿ ಪಟ್ಟಿಯೊಂದು ಕೆಳಗೆ ಅಂಟಿಕೊಂಡಿತ್ತು. ಚಿಕ್ಕ ಸ್ಕ್ರೀನ್‌ನಲ್ಲಿ ಅದು ಸರಿಯಾಗಿ ಬಟನ್ ಮೇಲೇ ಬರುತ್ತಿತ್ತು. ನಾನು ವಿಂಡೋ 1920×1080 ಮಾಡಿಬಿಟ್ಟೆ. ಎಲ್ಲ ಹಸಿರು. ಸೈಟ್ ಬಿಡುಗಡೆಯಾಯಿತು. ಮಾರನೇ ವಾರ ದೂರು ಬರಲು ಶುರುವಾಯಿತು, ಸೀಟು ಸಿಕ್ಕಿತು, ದುಡ್ಡು ಕಟ್ಟಲು ಆಗುತ್ತಿಲ್ಲ ಅಂತ. ಅವರ ಹತ್ತಿರ ಇದ್ದದ್ದೂ ಅಂಥ ಚಿಕ್ಕ ಲ್ಯಾಪ್‌ಟಾಪ್‌ಗಳೇ. ಟೆಸ್ಟ್ ನಮಗೆ ಮೊದಲೇ ಹೇಳಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಅದಕ್ಕೇ ನಿಮಗೆ ಕೇಳುವುದು: ಒಂದು ಟೆಸ್ಟ್ 1920×1080ರಲ್ಲಿ ಓಡಲಿ, ಅದೇ ಟೆಸ್ಟ್ 1366×768ರಲ್ಲೂ ಓಡಲಿ. ನಿಮ್ಮ 800ರ ಫೇಲ್‌ನಲ್ಲಿ ಸೈಟ್‌ನ ತಪ್ಪೇನೂ ಇಲ್ಲ, ಮೆನು ಮಡಚಿಕೊಳ್ಳುವುದು ಸರಿಯೇ. ಫೋನಿನ ನೋಟಕ್ಕೆ ಬೇರೆ ಟೆಸ್ಟ್ ಬರೆಯಿರಿ. ಅಲ್ಲಿ ಮೊದಲು ಮೂರು ಗೆರೆ ಒತ್ತಿ, ಆಮೇಲೆ ‘ವರದಿಗಳು’ ಒತ್ತಲಿ. ಆದರೆ ಫೋನಿನ ಅಳತೆಗೆ ಕ್ರೋಮ್ ವಿಂಡೋವನ್ನು ಸುಮ್ನೆ ಕುಗ್ಗಿಸಲು ಹೋಗಬೇಡಿ. ಕಣ್ಣಿಗೆ ಕಾಣುವ ವಿಂಡೋ ಸುಮಾರು 500 ಪಿಕ್ಸೆಲ್‌ಗಿಂತ ಕಿರಿದಾಗುವುದಿಲ್ಲ. ಕ್ರೋಮ್‌ನ ಮೊಬೈಲ್ ಎಮ್ಯುಲೇಶನ್ (ಪುಟವನ್ನು ಫೋನಿನಲ್ಲಿ ಕಾಣುವ ಹಾಗೆ ತೋರಿಸುವ ಸೌಲಭ್ಯ) ಬಳಸಿ.

ಮೊದಲು ಇವತ್ತು ಮಾಡಬೇಕಾದ್ದು ಎರಡೇ. ಲಾಗಿನ್ ಆದ ತಕ್ಷಣ ಪುಟದ ‘ಇನ್ನರ್ ವಿಡ್ತ್’ ಲಾಗ್‌ನಲ್ಲಿ ಪ್ರಿಂಟ್ ಆಗುವ ಹಾಗೆ ಒಂದು ಸಾಲು ಸೇರಿಸಿ. ಆ 30 ಸೆಕೆಂಡ್ ಸ್ಲೀಪ್ ತೆಗೆದುಹಾಕಿ.