ಕದ್ದು ಕೇಳುವ ಹಾಡುಗಳು: ರಾಕ್ ಪ್ರಿಯರ ಪ್ರಶ್ನೆ, ನಮ್ಮ ಉತ್ತರ

ರಾಕ್, ಮೆಟಲ್ ಅಂದರೆ ಪ್ರಾಣ ಬಿಡುವವರು ಯಾರಿಗೂ ಹೇಳದೆ ಕೇಳುವ ಹಾಡು ಯಾವುದು ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಸ್ವೀಡನ್ನಿನ ಪಾಪ್ ತಂಡ ಅಬ್ಬಾ, ಡಿಸ್ಕೋ ಹಾಡುಗಳ ಬೀ ಜೀಸ್, ಪಾಪ್ ಗಾಯಕಿ ಬ್ರಿಟ್ನಿ, ನಮ್ಮ ಹಂಸಲೇಖ ಎಲ್ಲರೂ ಇದ್ದಾರೆ. ದಯವಿಟ್ಟು ಹೆಸರು ಹಾಕಬೇಡಿ ಎಂಬ ಮಾತೂ ಇದೆ. ಹಾಗಾಗಿ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಹಾಸ್ಟೆಲ್ ರೂಮಿನ ಗೋಡೆ ತುಂಬಾ ಮೆಟಲ್ ಬ್ಯಾಂಡುಗಳ ಪೋಸ್ಟರ್. ಆದರೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅಬ್ಬಾ ಕೇಳುತ್ತೇನೆ. ಗೆಳೆಯರಿಗೆ ಗೊತ್ತಾದರೆ ಮಾನ ಹೋಗುತ್ತದೆ. ನನ್ನ ಟೇಸ್ಟ್ ಕೆಟ್ಟಿದೆಯಾ? (ದಾವಣಗೆರೆ)

ಉತ್ತರ: ಕೆಟ್ಟಿಲ್ಲ. ನಿಮ್ಮ ಕಿವಿ ಚೆನ್ನಾಗಿಯೇ ಇದೆ. ನೀವು ಬಚ್ಚಿಟ್ಟುಕೊಂಡು ಕೇಳುವುದನ್ನು ರಾಕ್ ಲೋಕದ ದೊಡ್ಡವರು ಎಲ್ಲರೆದುರೇ ಕೇಳಿದ್ದಾರೆ, ಅದರಿಂದ ಎತ್ತಿಕೊಂಡೂ ಇದ್ದಾರೆ. ಸೆಕ್ಸ್ ಪಿಸ್ಟಲ್ಸ್ ಅಂದರೆ ಒರಟು ಪಂಕ್, ಅಲ್ವಾ? ಅವರ 1977ರ ‘ಪ್ರೆಟಿ ವೇಕೆಂಟ್’ ಹಾಡಿನ ರಿಫ್‌ಗೆ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿಗೆ, ಎಳೆ ಸಿಕ್ಕಿದ್ದು ಅಬ್ಬಾದ ‘ಎಸ್‌ಓಎಸ್’ನಿಂದ ಎಂದು ಬ್ಯಾಸ್ ನುಡಿಸುತ್ತಿದ್ದ ಗ್ಲೆನ್ ಮ್ಯಾಟ್‌ಲಾಕ್ ಅವರೇ ಹೇಳಿದ್ದಾರೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ಗೊತ್ತಾಗುತ್ತದೆ. ಎಲ್ವಿಸ್ ಕಾಸ್ಟೆಲೊ ಅವರ 1979ರ ‘ಆಲಿವರ್ಸ್ ಆರ್ಮಿ’ಯ ಪಿಯಾನೊ ‘ಡ್ಯಾನ್ಸಿಂಗ್ ಕ್ವೀನ್’ ಧಾಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನುಡಿಸಿದ್ದು. 1992ರಲ್ಲಿ ಇಂಗ್ಲೆಂಡಿನ ರೆಡಿಂಗ್ ಉತ್ಸವದಲ್ಲಿ ಅಮೆರಿಕದ ರಾಕ್ ತಂಡ ನಿರ್ವಾಣ ಮುಖ್ಯ ಬ್ಯಾಂಡ್. ಅದೇ ವೇದಿಕೆಗೆ, ಅಬ್ಬಾ ಹಾಡುಗಳನ್ನೇ ಹಾಡುವ ‘ಬಿಯೋರ್ನ್ ಅಗೇನ್’ ಎಂಬ ಆಸ್ಟ್ರೇಲಿಯಾದ ತಂಡ ಬೇಕು ಅಂತ ಕೇಳಿ ಕರೆಸಿಕೊಂಡವರೂ ನಿರ್ವಾಣದವರೇ. ಅದೇ ವರ್ಷ ಸ್ಟಾಕ್‌ಹೋಮ್‌ನಲ್ಲಿ ಯು2 ತಂಡ ‘ಡ್ಯಾನ್ಸಿಂಗ್ ಕ್ವೀನ್’ ಹಾಡಿದಾಗ ಅಬ್ಬಾದ ಬೆನ್ನಿ ಮತ್ತು ಬಿಯೋರ್ನ್ ಇಬ್ಬರೂ ಬಂದು ಜೊತೆಯಲ್ಲಿ ನುಡಿಸಿದರು. ನಿಮಗೆ ಮೆಟಲ್ ಉದಾಹರಣೆಯೇ ಬೇಕಾದರೆ ಸ್ವೀಡನ್ನಿನ ಘೋಸ್ಟ್ ಇದೆ. 2013ರಲ್ಲಿ ಅವರು ಅಬ್ಬಾದ ಒಂದು ಹಾಡನ್ನು ರೆಕಾರ್ಡ್ ಮಾಡಿದರು. ಆ ರೆಕಾರ್ಡಿನ ನಿರ್ಮಾಪಕ ಯಾರು ಗೊತ್ತಾ, ನಿರ್ವಾಣದಲ್ಲಿ ಡ್ರಮ್ಸ್ ನುಡಿಸುತ್ತಿದ್ದ ಡೇವ್ ಗ್ರೋಲ್.

ಇದೆಲ್ಲ ಯಾಕೆ ಹೀಗೆ ಅಂದರೆ, ಅಬ್ಬಾ ಹಾಡುಗಳ ಒಳಗೆ ರಾಕ್ ಕಿವಿಗೆ ಬೇಕಾದದ್ದು ಬೇಕಾದಷ್ಟಿದೆ. ಬೆನ್ನಿ ಆ್ಯಂಡರ್ಸನ್ ಅಬ್ಬಾಕ್ಕೆ ಮುಂಚೆ ಹೆಪ್ ಸ್ಟಾರ್ಸ್ ಎಂಬ ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಅಬ್ಬಾದ ಸೌಂಡ್ ಎಂಜಿನಿಯರ್ ಮೈಕಲ್ ಟ್ರೆಟೊ ಅವರಿಗೆ ಅಮೆರಿಕದ ನಿರ್ಮಾಪಕ ಫಿಲ್ ಸ್ಪೆಕ್ಟರ್ ಅವರ ದಟ್ಟ ಸದ್ದಿನ ಹುಚ್ಚು. ಒಂದೇ ಭಾಗವನ್ನು ಮತ್ತೆ ನುಡಿಸುವಾಗ ಟೇಪಿನ ವೇಗವನ್ನು ಒಂದು ಚೂರು ಬದಲಾಯಿಸಿ, ಎರಡನ್ನೂ ಒಂದರ ಮೇಲೊಂದು ಕೂರಿಸುತ್ತಿದ್ದರು. ಆ ಸಣ್ಣ ವ್ಯತ್ಯಾಸದಿಂದ ಸದ್ದು ದಪ್ಪವಾಗುತ್ತದೆ, ಹೊಳೆಯುತ್ತದೆ. ಇನ್ನು ದುಃಖದ ವಿಷಯ. ಮೇಲೆ ಕುಣಿಸುವ ತಾಳ, ಒಳಗೆ ಮುರಿದ ಮನೆ. 1980ರ ‘ದಿ ವಿನ್ನರ್ ಟೇಕ್ಸ್ ಇಟ್ ಆಲ್’ ಕೇಳಿ. ಬಿಯೋರ್ನ್ ಮತ್ತು ಅಬ್ಬಾದ ಗಾಯಕಿ ಅಗ್ನೆತಾ ಗಂಡ ಹೆಂಡತಿಯಾಗಿದ್ದವರು, ಬೇರೆಯಾದರು, ಆಮೇಲೆ ಬೇರೆಯಾಗುವ ನೋವಿನ ಬಗ್ಗೆ ಬಿಯೋರ್ನ್ ಬರೆದ ಸಾಲುಗಳನ್ನು ಅಗ್ನೆತಾ ಮೈಕ್ ಮುಂದೆ ನಿಂತು ಹಾಡಿದರು. ಇದಕ್ಕಿಂತ ಭಾರವಾದ ಹಾಡು ನಿಮ್ಮ ಪೋಸ್ಟರುಗಳಲ್ಲಿ ಇರುವವರ ಹತ್ತಿರವೂ ಜಾಸ್ತಿ ಇಲ್ಲ ಎಂದು ನನಗೆ ಅನ್ನಿಸುತ್ತದೆ.

ಗೆಳೆಯರಿಗೆ ಹೇಳಿ. ಸ್ಪೀಕರಿನಲ್ಲೇ ಹಾಕಿ.

ಪ್ರಶ್ನೆ: ನಮ್ಮ ಕಾಲೇಜಿನ ದಿನಗಳಲ್ಲಿ ರಾಕ್ ಕೇಳುವವರಿಗೆ ಡಿಸ್ಕೋ ಕಂಡರೆ ಆಗುತ್ತಿರಲಿಲ್ಲ. ನಾನೂ ಬಾಯಿಗೆ ಬಂದಂತೆ ಬೈದಿದ್ದೇನೆ. ಈಗ ವಾಕಿಂಗ್ ಹೋಗುವಾಗ ಬೀ ಜೀಸ್ ಕೇಳಿದರೆ ಕಾಲು ತಾನಾಗಿ ಹೆಜ್ಜೆ ಹಾಕುತ್ತದೆ. ಆಗ ಅಷ್ಟೊಂದು ದ್ವೇಷ ಯಾಕಿತ್ತು? (ಮೈಸೂರು)

ಉತ್ತರ: ಆ ದ್ವೇಷ ಅಮೆರಿಕದಿಂದ ಬಂದದ್ದು. ಅಲ್ಲಿ ಅದರ ಹಿಂದೆ ಸಂಗೀತವಲ್ಲದ ಕಾರಣಗಳೇ ಜಾಸ್ತಿ ಇದ್ದವು. 1979ರ ಜುಲೈ 12ರಂದು ಶಿಕಾಗೋದ ಕಾಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ನಡೆದದ್ದನ್ನು ನೋಡಿ. ಸ್ಟೀವ್ ಡಾಲ್ ಎಂಬ ರೇಡಿಯೊ ನಿರೂಪಕ. ಆತ ಇದ್ದ ಸ್ಟೇಷನ್ ರಾಕ್ ಬಿಟ್ಟು ಡಿಸ್ಕೋಗೆ ತಿರುಗಿದಾಗ ಕೆಲಸ ಹೋಗಿತ್ತು. ಡಿಸ್ಕೋ ರೆಕಾರ್ಡ್ ಒಂದನ್ನು ತಂದವರಿಗೆ ಬೇಸ್‌ಬಾಲ್ ಆಟದ ಟಿಕೆಟ್ 98 ಸೆಂಟ್ ಎಂದು ಪ್ರಚಾರ ಮಾಡಿದರು. ಎರಡು ಆಟಗಳ ನಡುವೆ ಆ ರೆಕಾರ್ಡುಗಳನ್ನೆಲ್ಲ ಮೈದಾನದ ಮಧ್ಯೆ ಪೆಟ್ಟಿಗೆಯಲ್ಲಿಟ್ಟು ಸ್ಫೋಟಿಸಿದರು. ಸಾವಿರಾರು ಜನ ಒಳಗೆ ನುಗ್ಗಿದರು, ಮೈದಾನ ಹಾಳಾಯಿತು, ಎರಡನೇ ಆಟ ನಡೆಯಲೇ ಇಲ್ಲ. ಶಿಕಾಗೋ ವೈಟ್ ಸಾಕ್ಸ್ ತಂಡ ಅದನ್ನು ಆಡದೆಯೇ ಸೋತಿತು.

ಡಿಸ್ಕೋ ಹುಟ್ಟಿದ್ದು ಕಪ್ಪು ಜನರ, ಲ್ಯಾಟಿನೋ ಜನರ, ಸಲಿಂಗಿಗಳ ಕ್ಲಬ್ಬುಗಳಲ್ಲಿ. ಸುಟ್ಟವರಲ್ಲಿ ಹೆಚ್ಚಿನವರು ಬಿಳಿಯ ಹುಡುಗರು. ಇದನ್ನು ಬರೀ ಹಾಡಿನ ಜಗಳ ಅಂತ ನೋಡಲು ನನಗೆ ಸಾಧ್ಯವಿಲ್ಲ. ನಮ್ಮ ಊರುಗಳಲ್ಲಿ ಈ ಹಿನ್ನೆಲೆ ಯಾರಿಗೂ ಗೊತ್ತಿರಲಿಲ್ಲ, ಡಿಸ್ಕೋ ಬೈದರೆ ರಾಕ್ ಗೊತ್ತಿರುವವನು ಅನ್ನಿಸಿಕೊಳ್ಳಬಹುದು ಎಂಬುದಷ್ಟೇ ಗೊತ್ತಿತ್ತು, ಅದನ್ನೇ ಸುಮ್ನೆ ಎರವಲು ತಂದುಕೊಂಡೆವು.

ಅದೇ ಹೊತ್ತಿಗೆ ರಾಕ್ ಬ್ಯಾಂಡುಗಳು ಏನು ಮಾಡುತ್ತಿದ್ದವು? ರೋಲಿಂಗ್ ಸ್ಟೋನ್ಸ್ 1978ರಲ್ಲೇ ‘ಮಿಸ್ ಯೂ’ನಲ್ಲಿ ಡಿಸ್ಕೋ ತಾಳ ಹಿಡಿದಿದ್ದರು. ಮುಖಕ್ಕೆ ಬಣ್ಣ ಬಳಿದುಕೊಂಡ ಕಿಸ್ 1979ರಲ್ಲಿ ಅದೇ ದಾರಿಗೆ ಬಂದರು. ಗೋಡೆಯ ಬಗ್ಗೆ ಪಿಂಕ್ ಫ್ಲಾಯ್ಡ್ ಹಾಡಿದ ಆ ಪ್ರಸಿದ್ಧ ಹಾಡಿಗೆ ಡಿಸ್ಕೋ ಬೀಟ್ ಇರಲಿ ಎಂದವರು ನಿರ್ಮಾಪಕ ಬಾಬ್ ಎಜ್ರಿನ್. ಕ್ವೀನ್ ತಂಡದ ಜಾನ್ ಡೀಕನ್ 1980ರಲ್ಲಿ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ಗೆ ಕೊಟ್ಟ ಆ ಬ್ಯಾಸ್ ಲೈನ್ ಶೀಕ್ ಎಂಬ ಡಿಸ್ಕೋ ತಂಡದ ಪ್ರಭಾವದಿಂದ ಬಂದದ್ದು. ಶೀಕ್ ತಂಡದ ಡ್ರಮ್ಮರ್ ಟೋನಿ ಥಾಂಪ್ಸನ್ ಹೆಸರನ್ನು ನೆನಪಿಟ್ಟುಕೊಳ್ಳಿ. 1985ರ ಲೈವ್ ಏಡ್‌ನಲ್ಲಿ ಲೆಡ್ ಜೆಪ್ಪೆಲಿನ್‌ನ ಉಳಿದ ಮೂವರು ಸೇರಿದಾಗ ಡ್ರಮ್ಸ್ ಹಿಂದೆ ಕೂತವರಲ್ಲಿ ಇವರೂ ಒಬ್ಬರು, ಇನ್ನೊಬ್ಬರು ಫಿಲ್ ಕಾಲಿನ್ಸ್. ನಿರ್ವಾಣದ ‘ನೆವರ್‌ಮೈಂಡ್’ ಆಲ್ಬಂನಲ್ಲಿ ತಾನು ನುಡಿಸಿದ್ದರಲ್ಲಿ ಎಷ್ಟೋ ಪೆಟ್ಟುಗಳು ಇದೇ ಥಾಂಪ್ಸನ್, ಗ್ಯಾಪ್ ಬ್ಯಾಂಡ್, ಕ್ಯಾಮಿಯೊ ಇವರಿಂದ ಎತ್ತಿದ್ದು ಎಂದು ಡೇವ್ ಗ್ರೋಲ್ ಬಾಯಿಬಿಟ್ಟು ಹೇಳಿದ್ದಾರೆ. ನಿರ್ವಾಣ ನುಡಿಸಿದ ಒರಟು ರಾಕ್ ಆದ ಗ್ರಂಜ್‌ನ ಎದೆಬಡಿತ ಡಿಸ್ಕೋದಿಂದ ಬಂದಿದೆ! ಇದನ್ನು ಮೊದಲ ಸಲ ಓದಿದಾಗ ಆದ ಖುಷಿ ನನಗೆ ಇವತ್ತಿಗೂ ಇಳಿದಿಲ್ಲ.

ನೀವು ವಾಕಿಂಗಿಗೆ ಬೀ ಜೀಸ್ ಜೊತೆಗೆ ಶೀಕ್ ಕೂಡ ಹಾಕಿಕೊಳ್ಳಿ. ಆ ತಂಡದ ಬರ್ನಾರ್ಡ್ ಎಡ್ವರ್ಡ್ಸ್ ಅವರ ಬ್ಯಾಸ್ ಕಡೆಗೆ ಕಿವಿ ಕೊಡಿ.

ಪ್ರಶ್ನೆ: ಬೇಬಿಮೆಟಲ್ ನಿಜವಾದ ಮೆಟಲ್ಲಾ? (ಹಾಸನ)

ಉತ್ತರ: ಹಳೆಯ ಮೆಟಲ್ ಬ್ಯಾಂಡ್ ಜೂಡಸ್ ಪ್ರೀಸ್ಟ್‌ನ ಗಾಯಕ ರಾಬ್ ಹಾಲ್‌ಫರ್ಡ್ 2016ರಲ್ಲಿ ಅಮೆರಿಕದ ಪ್ರಶಸ್ತಿ ಸಮಾರಂಭವೊಂದರಲ್ಲಿ ಆ ಜಪಾನಿ ಹುಡುಗಿಯರ ಜೊತೆ ನಿಂತು ತಮ್ಮ ಬ್ಯಾಂಡಿನ ಹಾಡುಗಳನ್ನೇ ಹಾಡಿದರು. ಅವರಿಗೆ ಸಾಕಾದದ್ದು ನನಗೂ ಸಾಕು.

ಪ್ರಶ್ನೆ: ನಾನು ಒಂದು ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುತ್ತೇನೆ, ಬ್ಯಾಂಡಿನಲ್ಲಿರುವ ಏಕೈಕ ಹುಡುಗಿ. ನನಗೆ ಬ್ರಿಟ್ನಿ ಸ್ಪಿಯರ್ಸ್ ಹಾಡುಗಳು ಇಷ್ಟ. ಹೇಳಿದರೆ “ಹುಡುಗಿ ಅಲ್ವಾ, ಅದಕ್ಕೇ” ಅನ್ನುತ್ತಾರೆ. ಹೇಳದೆ ಇರುವುದೇ ವಾಸಿಯಾ? (ಶಿವಮೊಗ್ಗ)

ಉತ್ತರ: ಹೇಳಿ, ಮತ್ತೆ ಇದನ್ನೂ ಹೇಳಿ. ಬ್ರಿಟ್ನಿಯ 1998ರ ಮೊದಲ ಹಿಟ್ ಬರೆದವರು ಮ್ಯಾಕ್ಸ್ ಮಾರ್ಟಿನ್. ಸ್ವೀಡನ್ನಿನವರು. ಪಾಪ್ ಬರೆಯುವುದಕ್ಕೆ ಮುಂಚೆ ಅವರು ‘ಇಟ್ಸ್ ಅಲೈವ್’ ಎಂಬ ಗ್ಲ್ಯಾಮ್ ಮೆಟಲ್ ಬ್ಯಾಂಡಿನ ಗಾಯಕ. ಹಾಡಿನ ಆರಂಭದಲ್ಲೇ ಬರುವ ಆ ಮೂರು ಸ್ವರಗಳ ಹೊಡೆತ, ಕೋರಸ್ ಬಂದಾಗ ಎಲ್ಲ ಸದ್ದೂ ಒಟ್ಟಿಗೆ ಎದ್ದು ನಿಲ್ಲುವ ರೀತಿ, ಇವು ದೊಡ್ಡ ಮೈದಾನದ ರಾಕ್‌ನ ಗುಣಗಳೇ. ಪ್ರಭಾವ ಎರಡೂ ಕಡೆಗೆ ಹರಿದಿದೆ. ಜೂಡಸ್ ಪ್ರೀಸ್ಟ್ 1988ರಲ್ಲಿ ಸ್ಟಾಕ್, ಏಟ್ಕನ್, ವಾಟರ್‌ಮನ್ ಎಂಬ ಮೂವರ ಜೊತೆ ಪ್ಯಾರಿಸ್‌ನಲ್ಲಿ ಮೂರು ಹಾಡು ರೆಕಾರ್ಡ್ ಮಾಡಿತ್ತು. ಕೈಲಿ ಮಿನೋಗ್, ರಿಕ್ ಆ್ಯಸ್ಲಿ ಇವರಿಗೆಲ್ಲ ಹಿಟ್ ಕೊಟ್ಟವರು ಇದೇ ಮೂವರು. ಬ್ಯಾಂಡ್ ಕೊನೆಗೆ ಆ ಹಾಡುಗಳನ್ನು ಆಲ್ಬಂಗೆ ಹಾಕಲಿಲ್ಲ. ಹಾಕಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಾಚಿಕೆ ಪಡಬೇಕು ಎಂದು ಹೇಳಿಸಿಕೊಳ್ಳುವ ಹಾಡುಗಳ ಪಟ್ಟಿ ಮಾಡಿ ನೋಡಿದರೆ ಅದರಲ್ಲಿ ಹುಡುಗಿಯರು ಕಿರುಚಿ ಮೆಚ್ಚಿದ ಹಾಡುಗಳೇ ಜಾಸ್ತಿ ಇರುತ್ತವೆ. ಬೀಟಲ್ಸ್ ಬಂದಾಗಲೂ ಮೊದಲು ಕಿರುಚಿ ಮೆಚ್ಚಿದ್ದು ಹುಡುಗಿಯರೇ. ಅವರ ಕಿವಿ ಆಗ ತಪ್ಪಿರಲಿಲ್ಲ. ನಿಮ್ಮ ಬ್ಯಾಂಡಿನ ಹುಡುಗರಿಗೆ ಇದನ್ನು ಯಾವ ಸಂಕೋಚವೂ ಇಲ್ಲದೆ ಹೇಳಿ.

ಪ್ರಶ್ನೆ: ಆಫೀಸಿನಲ್ಲಿ ನಾನು ಪಿಂಕ್ ಫ್ಲಾಯ್ಡ್ ಮನುಷ್ಯ. ಕಾರಿನಲ್ಲಿ ಒಬ್ಬನೇ ಇದ್ದಾಗ ಮಾತ್ರ ಎಂಬತ್ತರ ದಶಕದ ಕನ್ನಡ ಸಿನಿಮಾ ಹಾಡು. ಸಿಗ್ನಲ್‌ನಲ್ಲಿ ಪಕ್ಕದ ಕಾರಿನವರಿಗೆ ಕೇಳಿಸುತ್ತದೆ ಅಂತ ಗ್ಲಾಸ್ ಏರಿಸುತ್ತೇನೆ. (ಬೆಂಗಳೂರು)

ಉತ್ತರ: ಗ್ಲಾಸ್ ಇಳಿಸಿ. ಇಳಯರಾಜ ಸ್ವತಃ ಗಿಟಾರ್ ನುಡಿಸುತ್ತಿದ್ದವರು, ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ ಕೆಲಸ ಕಲಿತವರು. ಅದಕ್ಕೇ 1981ರ ‘ಗೀತಾ’ ಚಿತ್ರದ ಹಾಡುಗಳಲ್ಲಿ ಬ್ಯಾಸ್ ಗಿಟಾರ್ ಹಿನ್ನೆಲೆಗೆ ಸರಿದು ಕೂರುವುದಿಲ್ಲ, ಎಸ್‌ಪಿಬಿ ಮತ್ತು ಜಾನಕಿ ಅವರ ದನಿಯ ಕೆಳಗೆ ಇನ್ನೊಂದು ಹಾಡನ್ನೇ ಹಾಡಿಕೊಂಡು ಹೋಗುತ್ತದೆ. ಒಳ್ಳೆಯ ಸ್ಪೀಕರಿನಲ್ಲಿ ಅದನ್ನೊಂದನ್ನೇ ಹಿಡಿದು ಕೇಳಿ. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಮಾತು, ಸಂಗೀತ ಎರಡನ್ನೂ ತಾವೇ ಬರೆದು, ಡ್ರಮ್ಸ್ ಮತ್ತು ಸಿಂಥ್ ಮೇಲೆ ಅಪ್ಪಟ ಕನ್ನಡದ ಆಡುಮಾತನ್ನು ಕುಣಿಸಿದರು. ಇನ್ನು 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಅಣ್ಣಾವ್ರು ಹಾಡಿದ ಇಂಗ್ಲಿಷ್ ಹಾಡು ಇದೆಯಲ್ಲ, ಜಿ.ಕೆ. ವೆಂಕಟೇಶ್ ಅವರದ್ದೇ ಸಂಗೀತ. ಅದನ್ನು ತಮಾಷೆಗೆ ಹಾಕುವವರು ಇದ್ದಾರೆ. ನನಗೆ ಆ ತಮಾಷೆ ಇಷ್ಟವಿಲ್ಲ. ಶಾಸ್ತ್ರೀಯ ಹಾಡನ್ನೂ ಅಷ್ಟೇ ಸಲೀಸಾಗಿ ಹಾಡುತ್ತಿದ್ದ ಆ ಗಂಟಲು ಅಲ್ಲಿ ಎಷ್ಟು ನಿರಾಳವಾಗಿದೆ ನೋಡಿ.

ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್‌ಗೆ, 2011ರಲ್ಲಿ ಮೆಟಾಲಿಕಾಗೆ ತಲೆ ಕುಣಿಸಿದ ಬೆಂಗಳೂರಿಗರಲ್ಲಿ ಎಷ್ಟೋ ಜನ ಮನೆಯಲ್ಲಿ, ಬಸ್ಸಿನಲ್ಲಿ, ಗಣೇಶನ ಹಬ್ಬದ ಪೆಂಡಾಲಿನಲ್ಲಿ ಈ ಹಾಡುಗಳನ್ನು ಕೇಳಿಯೇ ಬೆಳೆದವರು. ಯಾವುದೂ ಇನ್ನೊಂದನ್ನು ಹೊರಗೆ ತಳ್ಳಿಲ್ಲ.

ಪ್ರಶ್ನೆ: ಹೀಗೆ ಎಲ್ಲವನ್ನೂ ಒಪ್ಪಿಕೊಂಡರೆ ಕೆಟ್ಟ ಸಂಗೀತ ಎಂಬುದೇ ಇಲ್ಲವೇ? (ಬೆಳಗಾವಿ)

ಉತ್ತರ: ಇದೆ, ಧಾರಾಳವಾಗಿ ಇದೆ. ರಾಕ್‌ನಲ್ಲೂ ಇದೆ. ಎಂಬತ್ತರ ಕೊನೆಯಲ್ಲಿ ಒಂದೇ ಅಚ್ಚಿನಲ್ಲಿ ತೆಗೆದಂತೆ ಬಂದ ಉದ್ದ ಕೂದಲಿನ ಬ್ಯಾಂಡುಗಳ ನಿಧಾನದ ಪ್ರೇಮಗೀತೆಗಳು ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಮಾಡಿದವರು ಮೈಯಿಟ್ಟು ಮಾಡಿದ್ದಾರಾ, ಇಪ್ಪತ್ತನೇ ಸಲ ಕೇಳಿದಾಗಲೂ ಹೊಸದೇನಾದರೂ ಸಿಗುತ್ತದಾ ಎಂದು ನಾನು ನೋಡುತ್ತೇನೆ. ಯಾವ ಅಂಗಡಿಯ ಯಾವ ಸಾಲಿನಲ್ಲಿ ಆ ರೆಕಾರ್ಡ್ ಇಟ್ಟಿದ್ದರು ಎಂಬುದು ನನಗೆ ಬೇಡ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಕೂಡ ಅದನ್ನು ನೋಡಲಿಲ್ಲ. 1982ರಲ್ಲಿ ಮೈಕಲ್ ಜಾಕ್ಸನ್ ಹಾಡಿಗೆ ಒಂದು ಗಿಟಾರ್ ಸೋಲೊ ಬೇಕು ಎಂದಾಗ ಹೋಗಿ ನುಡಿಸಿದರು, ದುಡ್ಡೂ ತೆಗೆದುಕೊಳ್ಳಲಿಲ್ಲ.

ಪ್ರಶ್ನೆ: ಕಾಲೇಜು ಫೆಸ್ಟ್‌ಗೆ ನಮ್ಮ ಬ್ಯಾಂಡ್ ಬೀ ಜೀಸ್ ಹಾಡಿದ ‘ಸ್ಟೇಯಿನ್ ಅಲೈವ್’ ನುಡಿಸಬೇಕು ಅಂತಿದೆ, ಗಿಟಾರ್ ಜೋರಾಗಿ ಇಟ್ಟು. ಜನ ನಗುತ್ತಾರಾ? ಹೇಗೆ ನುಡಿಸಿದರೆ ಚೆನ್ನ? (ಮಂಗಳೂರು)

ಉತ್ತರ: ಡೇವ್ ಗ್ರೋಲ್ ಅವರ ಈಗಿನ ಬ್ಯಾಂಡ್ ಫೂ ಫೈಟರ್ಸ್ 2021ರಲ್ಲಿ ‘ಡೀ ಜೀಸ್’ ಎಂಬ ಹೆಸರಿಟ್ಟುಕೊಂಡು ಬೀ ಜೀಸ್ ಹಾಡುಗಳ ರೆಕಾರ್ಡ್ ತಂದರು. ಗ್ರೋಲ್ ಪೂರ್ತಿ ಕಳ್ಳದನಿಯಲ್ಲಿ ಹಾಡಿದ್ದಾರೆ. ಅದನ್ನು ಮೊದಲು ಕೇಳಿ. ನೀವು ನಗದೆ ನುಡಿಸಿದರೆ ಜನರೂ ನಗುವುದಿಲ್ಲ. ನಡುವೆ ಕಣ್ಣು ಹೊಡೆದು, ಇದು ಸುಮ್ನೆ ತಮಾಷೆಗೆ ಎಂದು ತೋರಿಸಿದರೆ ಹಾಡು ಅಲ್ಲೇ ಸತ್ತುಹೋಗುತ್ತದೆ.

ಹಾಡುವವರಿಗೆ ಆ ಎತ್ತರ ಸಿಗದಿದ್ದರೆ ಶ್ರುತಿ ಇಳಿಸಿ, ನಾಚಿಕೆ ಬೇಡ. ಬ್ಯಾರಿ ಗಿಬ್ ಅವರಿಗೂ ಆ ದನಿ ಇರುವುದು ಗೊತ್ತಾದದ್ದು 1975ರಲ್ಲಿ, ನಿರ್ಮಾಪಕ ಆರಿಫ್ ಮಾರ್ಡಿನ್ ಸ್ಟುಡಿಯೊದಲ್ಲಿ ಸ್ವರ ತಪ್ಪದೆ ಕಿರುಚಿ ಎಂದಾಗ. ಡ್ರಮ್ಮರ್‌ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳಿ. ಮೂಲ ಹಾಡಿನ ರೆಕಾರ್ಡಿಂಗ್ ಹೊತ್ತಿಗೆ ಬ್ಯಾಂಡಿನ ಡ್ರಮ್ಮರ್ ಮನೆಯವರ ಅನಾರೋಗ್ಯದಿಂದ ಊರಿಗೆ ಹೋಗಬೇಕಾಯಿತು. ಆಗ ‘ನೈಟ್ ಫೀವರ್’ ಹಾಡಿನ ಡ್ರಮ್ಸ್ ಟೇಪಿನಿಂದ ಒಂದು ತುಂಡು ಕತ್ತರಿಸಿ, ಎರಡು ತುದಿ ಅಂಟಿಸಿ, ಅದನ್ನೇ ಸುತ್ತಿಸಿದರು. ಹಾಡಿನ ಬಲ ಇರುವುದು ಆ ಬದಲಾಗದ ನಡೆಯಲ್ಲಿ. ನಿಮಿಷಕ್ಕೆ ಸುಮಾರು 103 ಬೀಟ್, ತಾಳ ಹಿಡಿಸುವ ಕ್ಲಿಕ್ ಸದ್ದು ಹಾಕಿಕೊಂಡು ಪ್ರಾಕ್ಟೀಸ್ ಮಾಡಲಿ, ನಡುವೆ ಅಲಂಕಾರಕ್ಕೆ ನುಡಿಸುವ ಫಿಲ್ ಒಂದೂ ಬೇಡ. ಗಿಟಾರ್‌ಗೆ ಡಿಸ್ಟಾರ್ಷನ್ ಕೊಡಿ, ಆದರೆ ರಿಫ್ ನಡುವಿನ ಖಾಲಿ ಜಾಗ ತುಂಬಲು ಹೋಗಬೇಡಿ, ಅಂಗೈಯಿಂದ ತಂತಿ ಒತ್ತಿ ಹಿಡಿದು ನುಡಿಸಿ. ಬ್ಯಾಸ್‌ನ ಸದ್ದು ಗಿಟಾರಿನ ಸದ್ದಿಗಿಂತ ಒಂದು ಚೂರು ಮುಂದೆಯೇ ಇರಲಿ, ಸೌಂಡ್ ಚೆಕ್‌ನಲ್ಲೇ ಇದನ್ನು ಹೇಳಿಬಿಡಿ. ಹಾಡನ್ನು ಪಟ್ಟಿಯ ಮಧ್ಯೆ, ನಿಮ್ಮ ಅತಿ ಭಾರದ ಮೆಟಲ್ ಹಾಡು ಮುಗಿದ ತಕ್ಷಣ, ಏನೂ ಮಾತಾಡದೆ ಶುರು ಮಾಡಿ.