ಕೌಂಟರಿನಲ್ಲಿ ನಗು, ಮನೆಯಲ್ಲಿ ಸಿಡುಕು

ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡು ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ವಯಸ್ಸು 44. ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ಗಂಡ, ಮೂರನೇ ಕ್ಲಾಸಿನ ಮಗ, ವಯಸ್ಸಾದ ಅತ್ತೆ. ಪತ್ರದ ಮುಖ್ಯ ಭಾಗ ಇಷ್ಟು:

“ದಿನವಿಡೀ ಕೌಂಟರಿನಲ್ಲಿ ಕೂತಿರ್ತೀನಿ. ಪಾಸ್‌ಬುಕ್ ಎಂಟ್ರಿ ಆಗಿಲ್ಲ ಅಂತ ಕೂಗಾಡುವವರ ಎದುರೂ ನಗ್ತಾನೇ ಮಾತಾಡ್ತೀನಿ. ಮನೆಯಲ್ಲಿ ಮಾತ್ರ ನಾನು ಬೇರೆಯೇ ಹೆಂಗಸು. ಬೆಳಿಗ್ಗೆ ಮಗ ಶೂ ಲೇಸ್ ಕಟ್ಟೋದು ಎರಡು ನಿಮಿಷ ತಡ ಮಾಡಿದರೆ ಕಿರುಚ್ತೀನಿ. ಸಂಜೆ ಅತ್ತೆ ‘ಅವನು ಎಷ್ಟು ಹೊತ್ತಿಗೆ ಬರ್ತಾನೆ?’ ಅಂತ ನಾಲ್ಕನೇ ಸಲ ಕೇಳಿದರೆ ಉತ್ತರಾನೇ ಕೊಡೋದಿಲ್ಲ. ಹತ್ತು ಎಣಿಸಿ ನೋಡಿದೆ, ಆಗಲಿಲ್ಲ. ನನ್ನ ತಾಳ್ಮೆಯೆಲ್ಲ ಬ್ಯಾಂಕಿನಲ್ಲೇ ಖರ್ಚಾಗಿಬಿಡುತ್ತೆ ಅನಿಸುತ್ತೆ. ನಮ್ಮವರಂತೂ ‘ನಿನಗೆ ತಾಳ್ಮೆ ಅನ್ನೋದೇ ಇಲ್ಲ’ ಅಂದುಬಿಡ್ತಾರೆ. ಬೆಳಿಗ್ಗೆ ಆರಕ್ಕೆ ಒಂದು ಧ್ಯಾನದ ಕ್ಲಾಸ್ ಇದೆ, ಸೇರಲಾ? ಈ ವಯಸ್ಸಿನಲ್ಲಿ ತಾಳ್ಮೆ ಕಲಿಯೋಕೆ ಆಗುತ್ತಾ?”

ನಮಸ್ಕಾರ ಮೇಡಂ,

ತಾಳಿದವನು ಬಾಳಿಯಾನು ಎಂದು ಒಂದು ಸಾಲು ಬರೆದು ಕಳಿಸಿದ್ದರೆ ನನ್ನ ಕೆಲಸ ಮುಗಿದುಹೋಗುತ್ತಿತ್ತು. ಅದು ನಿಮಗೆ ಗೊತ್ತಿಲ್ಲದ ಮಾತಲ್ಲ. ಗೊತ್ತಿದ್ದೂ ಆಗುತ್ತಿಲ್ಲ ಅನ್ನೋದೇ ನಿಮ್ಮ ದೂರು. ಹಾಗಾಗಿ ಉಪದೇಶ ಬಿಟ್ಟು, ನೀವೇ ಬರೆದ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ತಾಳ್ಮೆ ಬ್ಯಾಂಕಿನಲ್ಲಿ ಖರ್ಚಾಗಿಬಿಡುತ್ತೆ ಅಂದಿದ್ದೀರಿ. ಆದರೆ ಮಗನ ಮೇಲೆ ಕಿರುಚೋದು ಬೆಳಿಗ್ಗೆ. ಆಗಿನ್ನೂ ಬ್ಯಾಂಕಿನ ಬಾಗಿಲೇ ತೆಗೆದಿರೋದಿಲ್ಲ, ಅಲ್ವಾ? ಕೂಗಾಡುವ ಒಬ್ಬ ಗಿರಾಕಿಯನ್ನೂ ನೀವು ಅಷ್ಟು ಹೊತ್ತಿಗೆ ನೋಡಿಲ್ಲ. ಖರ್ಚಾಗಿದ್ದು ಯಾವಾಗ?

ನಿಮ್ಮ ಲೆಕ್ಕಾಚಾರ ಬಹಳ ಜನ ನಂಬುವಂಥದ್ದೇ. ಮನಶ್ಶಾಸ್ತ್ರಜ್ಞರೂ ನಂಬಿದ್ದರು. 1998ರಲ್ಲಿ ಅಮೆರಿಕದ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಕೆಲವರ ಎದುರು ಚಾಕೊಲೇಟ್ ಬಿಸ್ಕತ್ತು ಇಟ್ಟು, ಅದನ್ನು ಮುಟ್ಟದೆ ಮೂಲಂಗಿ ತಿನ್ನಿ ಅಂದರು. ಆಮೇಲೆ ಬಿಡಿಸಲಾಗದ ಒಗಟು ಕೊಟ್ಟರು. ಪಾಪ, ಮೂಲಂಗಿ ತಿಂದವರು ಬೇಗ ಕೈಚೆಲ್ಲಿದರು. ಮನಸ್ಸಿನ ಹಿಡಿತ ಬಳಸಿದಷ್ಟೂ ಕರಗುತ್ತೆ ಎಂಬ ಮಾತು ಅಲ್ಲಿಂದ ಹಬ್ಬಿತು. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಆ ತತ್ವವನ್ನು ಪರೀಕ್ಷೆ ಮಾಡಿದಾಗ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ವಾದ ಇನ್ನೂ ನಡೀತಿದೆ. ನನಗಂತೂ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ.

ನನ್ನ ಅನುಮಾನ ಇರೋದು ಅವಸರದ ಮೇಲೆ.

ಇದಕ್ಕೂ ಒಂದು ಪ್ರಯೋಗ ಇದೆ. ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಎಂಬಿಬ್ಬರು ಮಾಡಿದ್ದು, 1973ರಲ್ಲಿ ಪ್ರಕಟವಾಯಿತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಆರಿಸಿದರು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು ಅಂದರು. ಕೆಲವರಿಗೆ ಕೊಟ್ಟ ವಿಷಯ ಬೈಬಲ್‌ನ ಒಳ್ಳೆಯ ಸಮಾರ್ಯದವನ ಕಥೆ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನಿಗೆ ನೆರವಾದವನ ಕಥೆ ಅದು. ಹೋಗುವ ದಾರಿಯಲ್ಲಿ ಒಬ್ಬ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದೂ ಇವರೇ.

ನಿಧಾನವಾಗಿ ಹೋಗಿ, ಟೈಮ್ ಇದೆ ಎನ್ನಿಸಿಕೊಂಡವರಲ್ಲಿ ಶೇ. 63 ಮಂದಿ ಅವನಿಗೆ ನೆರವಾದರು. ಆಗಲೇ ತಡವಾಗಿದೆ, ಓಡಿ ಎನ್ನಿಸಿಕೊಂಡವರಲ್ಲಿ ಶೇ. 10. ಭಾಷಣದ ವಿಷಯ ಯಾವುದು ಅನ್ನೋದರಿಂದ ಹೆಚ್ಚೇನೂ ಫರಕಾಗಲಿಲ್ಲ. ಕೆಲವರು ಸಮಾರ್ಯದವನ ಬಗ್ಗೆ ಭಾಷಣ ಮಾಡುವ ಗಡಿಬಿಡಿಯಲ್ಲಿ ನರಳುವವನನ್ನು ದಾಟಿಕೊಂಡೇ ಹೋದರು!

ಅವರೇನು ಕೆಟ್ಟವರೇ? ಅಲ್ಲ. ತಡವಾಗಿದೆ ಅನ್ನೋ ಒಂದು ಮಾತು ತಲೆಯಲ್ಲಿ ಕೂತಿತ್ತು, ಅಷ್ಟೇ. ನಿಮ್ಮ ಮನೆಯಲ್ಲೂ ಬೆಳಿಗ್ಗೆ ಅದೇ ಮಾತು ಕೂತಿರುತ್ತೆ. ಕುಕ್ಕರ್ ಇಳಿಸಬೇಕು, ಡಬ್ಬಿ ಕಟ್ಟಬೇಕು, ನಿಮ್ಮ ಸೀರೆ ಇನ್ನೂ ಅರ್ಧದಲ್ಲಿದೆ, ಹೊರಗೆ ಸ್ಕೂಲ್ ವ್ಯಾನಿನವನ ಹಾರನ್. ಆ ಹೊತ್ತಿನಲ್ಲಿ ಹುಡುಗ ಲೇಸ್ ಹಿಡಿದು ಕೂತಿದ್ದಾನೆ.

ಲೇಸ್ ಕಟ್ಟೋದನ್ನು ಒಂದು ಸಲ ನಿಧಾನವಾಗಿ ನೋಡಿ. ಒಂದು ಕಿವಿ ಮಾಡಿ ಹಿಡಿಯಬೇಕು. ಇನ್ನೊಂದು ತುದಿಯನ್ನು ಅದರ ಸುತ್ತ ತರಬೇಕು. ಕೆಳಗಿನ ಸಂದಿಯಲ್ಲಿ ತೂರಿಸಬೇಕು. ಆಮೇಲೆ ಎರಡನ್ನೂ ಒಂದೇ ಸಮ ಎಳೆಯಬೇಕು. ಒಂದು ಕಡೆ ಜಾಸ್ತಿ ಎಳೆದರೆ ಕಿವಿ ಪೂರ್ತಿ ಹೊರಗೆ ಬಂತು, ಮತ್ತೆ ಮೊದಲಿಂದ ಶುರು. ಎಳೆ ಬೆರಳಿಗೆ ಇದು ಸಣ್ಣ ಕೆಲಸವಲ್ಲ. ತಲೆಯ ಮೇಲೆ ಯಾರಾದರೂ ಬೇಗ ಬೇಗ ಅಂತ ನಿಂತಿದ್ದರೆ ಆ ಕಿವಿ ಹೊರಗೆ ಬಂದೇ ಬರುತ್ತೆ. ಸದ್ಯಕ್ಕೆ ಅಂಟಿಸುವ ಪಟ್ಟಿಯ ಶೂ ಕೊಡಿಸಿ. ಲೇಸ್ ಕಲಿಯೋದಕ್ಕೆ ಭಾನುವಾರ ಇದೆ. ಹತ್ತು ಎಣಿಸೋದಕ್ಕಿಂತ ಇದು ಕೆಲಸಕ್ಕೆ ಬರುತ್ತೆ.

ಹತ್ತು ಎಣಿಸೋದರಲ್ಲಿ ತಪ್ಪೇನಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರೋದಿಲ್ಲ, ಬಾಯಿಂದ ಹೊರಟ ಮಾತೂ ಹಾಗೇ. ಆದರೆ ಹೊರಗೆ ವ್ಯಾನ್ ನಿಂತಿರುವಾಗ ಹತ್ತು ಎಣಿಸಿದರೆ ಹತ್ತು ಸೆಕೆಂಡ್ ಇನ್ನೂ ತಡವಾಯಿತು ಅಂತಾನೇ ಅನಿಸೋದು.

ಇನ್ನೊಂದು ಮಾತು ನೇರವಾಗಿ ಹೇಳಿಬಿಡ್ತೀನಿ, ಬೇಸರ ಮಾಡಿಕೊಳ್ಳಬೇಡಿ. ಕೂಗಾಡುವ ಗಿರಾಕಿಯ ಎದುರು ನೀವು ನಗುವುದಕ್ಕೆ ಕಾರಣ ಇದೆ. ಅವನು ಮ್ಯಾನೇಜರ್ ಹತ್ತಿರ ಹೋಗಬಹುದು, ದೂರು ಬರೆಯಬಹುದು. ಮಗ ಎಲ್ಲಿಗೂ ಹೋಗಲಾರ. ಅತ್ತೆ ಈಗ ಯಾರಿಗೂ ದೂರು ಹೇಳುವ ಸ್ಥಿತಿಯಲ್ಲಿಲ್ಲ. ನಮ್ಮ ಸಿಡುಕಿಗೆ ಯಾರ ಮೇಲೆ ಹರಿಹಾಯಬೇಕು ಅನ್ನೋದು ಚೆನ್ನಾಗಿ ಗೊತ್ತಿರುತ್ತೆ. ಇದು ನಿಮ್ಮೊಬ್ಬರ ಕಥೆಯಲ್ಲ. ಪತ್ರಿಕೆ ಅಚ್ಚಿಗೆ ಹೋಗುವ ದಿನ ನಮ್ಮ ಆಫೀಸಿನಲ್ಲಿ ಬೈಗುಳ ಯಾವಾಗಲೂ ಹೊಸದಾಗಿ ಸೇರಿದ ಹುಡುಗರ ಪಾಲಿಗೇ ಬರೋದು. ಜಾಹೀರಾತು ತಡವಾಗಿ ಕಳಿಸಿದ ದೊಡ್ಡ ಗಿರಾಕಿಗೆ ಫೋನಿನಲ್ಲಿ “ಪರವಾಗಿಲ್ಲ ಸಾರ್”. ಅಂದರೆ ಹಿಡಿತ ಇದೆ. ನಿಮಗೂ ಇದೆ, ದಿನವಿಡೀ ಕೌಂಟರಿನಲ್ಲಿ ತೋರಿಸ್ತಾ ಇದ್ದೀರಿ. ಕಲಿಯೋಕೆ ಆಗುತ್ತಾ ಅಂತ ಕೇಳಿದ್ದೀರಲ್ಲ, ಆ ಪಾಠ ನಿಮಗೆ ಆಗಲೇ ಆಗಿದೆ. ಮನೆಯಲ್ಲಿ ಅದಕ್ಕೆ ಬೇಕಾದ ಹೊತ್ತು ಇಲ್ಲ.

ಹೊತ್ತು ಯಾಕಿಲ್ಲ? ಈ ಪ್ರಶ್ನೆಗೆ ನಿಮ್ಮ ಯಜಮಾನರೂ ಕೂತು ಉತ್ತರ ಹೇಳಬೇಕು. ನೀವು ಕುಕ್ಕರ್ ಇಳಿಸುವಾಗ, ಡಬ್ಬಿ ಕಟ್ಟುವಾಗ ಅವರೆಲ್ಲಿರ್ತಾರೆ? ಎರಡು ಪುಟದ ಪತ್ರದಲ್ಲಿ ಅವರು ಬರೋದು ಒಂದೇ ಕಡೆ, ನಿಮಗೆ ತಾಳ್ಮೆ ಇಲ್ಲ ಅಂತ ಹೇಳೋದಕ್ಕೆ. ಕೇಂದ್ರ ಸರ್ಕಾರದವರು ಜನ ದಿನದ ಹೊತ್ತನ್ನು ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡ್ತಾರೆ. 2024ರ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡೋದು 88. ಅದೂ ಮಾಡುವ ಗಂಡಸರ ಸರಾಸರಿ, ಏನೂ ಮಾಡದವರನ್ನು ಬಿಟ್ಟು! 289 ನಿಮಿಷ ಕೆಲಸ ಇರುವವರಿಗೆ 88 ನಿಮಿಷ ಕೆಲಸ ಇರುವವರು ತಾಳ್ಮೆಯ ಪಾಠ ಹೇಳೋದು ಸುಲಭ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ “ಸ್ವಲ್ಪ ತಾಳ್ಕೋ” ಅಂತ ಹೇಳಿ ಹೇಳಿಯೇ ಎಷ್ಟೋ ಕೆಲಸ ಅವರ ತಲೆಗೆ ಕಟ್ಟಿದ್ದೇವೆ. ನಿಮ್ಮ ಸಿಡುಕಿನಲ್ಲಿ ಅರ್ಧದಷ್ಟು ನ್ಯಾಯವಾದ ದೂರು ಅಂತಲೇ ನನಗೆ ಕಾಣುತ್ತೆ. ಅದು ಹೋಗಬೇಕಾದವರ ಹತ್ತಿರ ಹೋಗದೆ ಮಗನ ಮೇಲೆ ಬೀಳ್ತಾ ಇದೆ. ಬೆಳಗಿನ ಯಾವುದಾದರೂ ಎರಡು ಕೆಲಸ, ಡಬ್ಬಿಯೋ, ಮಗನ ತಯಾರಿಯೋ, ಪೂರ್ತಿಯಾಗಿ ಅವರಿಗೆ ಬಿಟ್ಟುಬಿಡಿ. “ಸಹಾಯ ಮಾಡಿ” ಅಂತ ಕೇಳಬೇಡಿ. ಸಹಾಯ ಅಂದರೆ ಕೆಲಸ ನಿಮ್ಮದೇ ಅಂತ ನೀವೇ ಒಪ್ಪಿಕೊಂಡ ಹಾಗೆ.

ಈಗ ಅತ್ತೆಯವರ ವಿಷಯ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಅವರು ಕೇಳ್ತಿರೋದು ತಮ್ಮ ಮಗ, ಅಂದರೆ ನಿಮ್ಮ ಯಜಮಾನರು, ಎಷ್ಟು ಹೊತ್ತಿಗೆ ಬರ್ತಾರೆ ಅಂತ. ಅಂದರೆ ಆ ಮನೆಯಲ್ಲಿ ಕಾಯ್ತಾ ಕೂತಿರುವವರು ಅವರು. ಡೇವಿಡ್ ಮೈಸ್ಟರ್ ಎಂಬವರು 1985ರಲ್ಲಿ ಸರದಿಯಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಒಂದು ಲೇಖನ ಬರೆದರು. ಅವರು ಹೇಳಿದ ಎರಡು ಮಾತು ಬ್ಯಾಂಕಿನವರಾದ ನಿಮಗೆ ತಕ್ಷಣ ಹೊಳೆಯುತ್ತೆ. ಕೈಗೆ ಕೆಲಸ ಇಲ್ಲದೆ ಕಾಯುವ ಹೊತ್ತು ಉದ್ದ ಅನಿಸುತ್ತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾಯೋದು ಇನ್ನೂ ಉದ್ದ. ನಿಮ್ಮ ಬ್ರಾಂಚಿನಲ್ಲಿ ಟೋಕನ್ ನಂಬರ್ ತೋರಿಸುವ ಬೋರ್ಡ್ ಇದ್ದರೆ ಅದು ಇರೋದು ಇದಕ್ಕೇ. ಅದು ಕೆಟ್ಟ ದಿನ ಕೌಂಟರಿನ ಮುಂದೆ ಜನ ಹೇಗಾಡ್ತಾರೆ ನೋಡಿ.

ಅತ್ತೆಗೆ ಅಂಥ ಬೋರ್ಡ್ ಇಲ್ಲ. ಗೋಡೆ ಗಡಿಯಾರದ ಕೆಳಗೆ ದಪ್ಪಕ್ಷರದಲ್ಲಿ “ಬರೋದು ಎಂಟು ಗಂಟೆಗೆ” ಅಂತ ಬರೆದು ಅಂಟಿಸಿ. ತಡವಾದರೆ ಮಗನೇ ಫೋನ್ ಮಾಡಿ ಅಮ್ಮನಿಗೆ ಹೇಳಲಿ, ನಿಮಗಲ್ಲ. ಕೈಗೊಂದು ಕೆಲಸವನ್ನೂ ಕೊಡಿ. ಅವರೇಕಾಯಿ ಕಾಲದಲ್ಲಿ ಒಂದು ಮೊರ ಕಾಯಿ ಎದುರಿಗಿಟ್ಟರೆ ಎಷ್ಟೋ ಅಜ್ಜಿಯರಿಗೆ ಸಂಜೆ ಕಳೆದದ್ದೇ ತಿಳಿಯೋದಿಲ್ಲ. ನಿಮಗೂ ಅಡುಗೆಯ ಅರ್ಧ ಕೆಲಸ ಹಗುರ.

ಹೀಗೆಲ್ಲ ಮಾಡಿಯೂ ಹೇಳಿದ ಹತ್ತೇ ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ ಬರ್ತಿದೆಯಾ? ಇತ್ತೀಚೆಗೆ ಶುರುವಾದದ್ದಾ? ಹಾಗಿದ್ದರೆ ದಯವಿಟ್ಟು ಡಾಕ್ಟರಿಗೆ ತೋರಿಸಿ. ವಯಸ್ಸಾದವರು ಕೇಳಿದ್ದನ್ನೇ ಕೇಳೋದು ಮರೆವಿನ ಕಾಯಿಲೆಯ ಮೊದಲ ಗುರುತು ಆಗಿರಬಹುದು. ಆಗಿರಲೇಬೇಕು ಅಂತಿಲ್ಲ. ಕಿವಿ ಮಂದವಾಗಿ ನಿಮ್ಮ ಉತ್ತರ ಸರಿಯಾಗಿ ಕೇಳಿಸದೇ ಇರಬಹುದು. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಮನಸ್ಸಿನ ಕುಗ್ಗು, ಇವುಗಳಿಂದಲೂ ಮರೆವು ಬರುತ್ತೆ, ಇವಕ್ಕೆಲ್ಲ ಔಷಧಿ ಇದೆ. ಮೊದಲಿಗೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಓಡಬೇಕಾಗಿಲ್ಲ. ಊರಿನ ಫಿಸಿಷಿಯನ್ ಹತ್ತಿರ ರಕ್ತ ಪರೀಕ್ಷೆ, ಕಿವಿ ಪರೀಕ್ಷೆಯಿಂದ ಶುರು ಮಾಡಬಹುದು. ಬೇಕಂತಲೇ ಕೇಳಿ ಪ್ರಾಣ ತಿಂತಾರೆ ಅಂದುಕೊಂಡಾಗ ಬರುವ ಸಿಟ್ಟು, ಅವರಿಗೆ ನೆನಪೇ ಇಲ್ಲ ಅಂತ ಗೊತ್ತಾದ ಮೇಲೆ ಅಷ್ಟು ಬರೋದಿಲ್ಲ.

ಅದೇ ದಿನ ನೀವೂ ತೋರಿಸಿಕೊಂಡು ಬನ್ನಿ. ನಮ್ಮಲ್ಲಿ ಮುಟ್ಟು ನಿಲ್ಲೋದು ಸಾಮಾನ್ಯವಾಗಿ 46–47ರ ಆಸುಪಾಸು. ಅದಕ್ಕೂ ಕೆಲವು ವರ್ಷ ಮೊದಲೇ ನಿದ್ದೆ ಕೆಡೋದು, ಮೈ ಬಿಸಿಯಾಗೋದು, ಕಾರಣವಿಲ್ಲದೆ ರೇಗೋದು ಶುರುವಾಗುತ್ತೆ. ಇದನ್ನು ಗುಣದ ದೋಷ ಅಂದುಕೊಂಡು ವರ್ಷಗಟ್ಟಲೆ ತಮ್ಮನ್ನೇ ಬೈದುಕೊಳ್ಳುವ ಹೆಂಗಸರಿಗೆ ಲೆಕ್ಕವಿಲ್ಲ. ನಿದ್ದೆ ಎಷ್ಟು ಗಂಟೆ ಆಗ್ತಿದೆ ಅಂತ ನೀವು ಬರೆದಿಲ್ಲ. ಡಾಕ್ಟರ್ ಮೊದಲು ಕೇಳೋದು ಅದನ್ನೇ.

ಕೊನೆಯದಾಗಿ ಧ್ಯಾನದ ಕ್ಲಾಸು. ಮನಸ್ಸಿದ್ದರೆ ಖಂಡಿತ ಸೇರಿ. ದಿನಕ್ಕೆ ಸ್ವಲ್ಪ ಹೊತ್ತು ಯಾರೂ ಕರೆಯದ ಜಾಗದಲ್ಲಿ ಸುಮ್ನೆ ಕೂರೋದು ಯಾರಿಗೆ ಬೇಡ? ಆದರೆ ಆರಕ್ಕೆ ಹೋಗಿ ಏಳಕ್ಕೆ ಬರುವಷ್ಟರಲ್ಲಿ ತಿಂಡಿ, ಡಬ್ಬಿ ಯಾರು ಮಾಡಿರ್ತಾರೆ? ಬಂದು ನೀವೇ ಮಾಡಬೇಕು ಅಂತಾದರೆ ಈಗಿನದಕ್ಕಿಂತ ಒಂದು ಗಂಟೆ ಕಡಿಮೆ ಹೊತ್ತಿನಲ್ಲಿ ಅಷ್ಟೇ ಕೆಲಸ. ಮಗನಿಗೆ ಬೀಳುವ ಬೈಗುಳವೂ ಜಾಸ್ತಿಯಾಗುತ್ತೆ. ಫೀಸು ಕಟ್ಟುವ ಮೊದಲು ನಿಮ್ಮ ಯಜಮಾನರ ಜೊತೆ ಕೂತು ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಬೇಕಾದರೆ ಈ ಉತ್ತರವನ್ನೂ ಅವರಿಗೆ ಓದಲು ಕೊಡಿ.

– ಸಂಪಾದಕ