ಪ್ರಶ್ನೋತ್ತರ: ಓಡೋ ಡಬ್ಬ, ಕೂತುಬಿಡೋ ಡಬ್ಬ

ಹೋದ ತಿಂಗಳು ಗೇಮ್ ಕನ್ಸೋಲ್ (ಗೇಮ್ ಆಡೋಕಂತಲೇ ಇರೋ ಡಬ್ಬ) ಬಗ್ಗೆ ಒಂದೇ ಒಂದು ಪ್ಯಾರಾ ಬರ್ದಿದ್ದೆ, ಅಷ್ಟಕ್ಕೇ ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅದೇ. ವೈಫೈ, ಮೊಬೈಲ್ ಬ್ಯಾಟರಿ ಅಂತ ಕೇಳಿದೋರು ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಲ ಖಂಡಿತ.

ಪ್ರಶ್ನೆ: ಸರ್, ಒಂದು ಕನ್ಸೋಲ್ ಕೋಟಿಗಟ್ಟಲೆ ಮಾರಾಟ ಆಗತ್ತೆ, ಇನ್ನೊಂದು ಅಷ್ಟೇ ಚೆನ್ನಾಗಿದ್ರೂ ಅಂಗಡೀಲೇ ಧೂಳು ಹಿಡಿಯತ್ತೆ. ಯಾಕೆ ಹೀಗೆ? (ತುಮಕೂರಿನ ಓದುಗರು)

ಆಡೋ ಹುಡುಗ್ರು ಮನಸ್ಸು ಮಾಡಿದ್ರೆ ಆಯ್ತು ಅಂತ ಎಲ್ರೂ ಅನ್ಕೊಂಡಿರ್ತಾರೆ. ನನ್ ಲೆಕ್ಕ ಬೇರೆ. ಹುಡುಗ್ರ ಸರದಿ ಕೊನೇಲಿ ಬರತ್ತೆ, ಅದಕ್ಕಿಂತ ಮುಂಚೆ ಅಂಗಡಿಯವನು ಒಪ್ಬೇಕು, ಗೇಮ್ ಮಾಡೋ ಕಂಪನಿಗಳು ಒಪ್ಬೇಕು, ಆಮೇಲೆ ಮನೇಲಿ ದುಡ್ಡು ಬಿಚ್ಚೋರು ಒಪ್ಬೇಕು. ಇದ್ರಲ್ಲಿ ಒಬ್ರು ಮುಖ ತಿರುಗಿಸಿದ್ರೂ ಡಬ್ಬ ಎಷ್ಟೇ ಚೆನ್ನಾಗಿರ್ಲಿ, ಮೇಲೇಳೋದು ಕಷ್ಟ.

ಇದಕ್ಕೆ ಸೆಗಾ ಅನ್ನೋ ಕಂಪನಿಯ ಸ್ಯಾಟರ್ನ್ ಕನ್ಸೋಲ್ ಕಥೆ ಕೇಳಿ, ನಂಗೆ ಎಷ್ಟು ಸಲ ಓದಿದ್ರೂ ಹೊಟ್ಟೆ ಉರಿಯತ್ತೆ. 1995ರ ಮೇ ತಿಂಗಳು, ಲಾಸ್ ಏಂಜಲೀಸಲ್ಲಿ ಇ3 ಅನ್ನೋ ಗೇಮ್ ಮೇಳ ನಡೀತಿತ್ತು, ಮೊದಲನೇ ವರ್ಷ ಅದು. ಸ್ಯಾಟರ್ನ್ ಅಮೆರಿಕಾಗೆ ಸೆಪ್ಟೆಂಬರ್ 2ಕ್ಕೆ ಬರತ್ತೆ ಅಂತ ಮೊದಲೇ ಹೇಳಿಯಾಗಿತ್ತು, ಅಂಗಡಿಯವ್ರು ಗೇಮ್ ಕಂಪನಿಯವ್ರು ಎಲ್ಲಾ ಆ ತಾರೀಖಿಗೇ ತಯಾರಾಗ್ತಿದ್ರು. ಆದ್ರೆ ಸೆಗಾದ ಟಾಮ್ ಕಲಿನ್‌ಸ್ಕೆ ಸ್ಟೇಜ್ ಹತ್ತಿ, ಸ್ಯಾಟರ್ನ್ ಆಗಲೇ ಅಂಗಡಿಗೆ ಬಂದಾಗಿದೆ, ರೇಟು 399 ಡಾಲರ್ ಅಂದುಬಿಟ್ರು. ಸೋನಿಯ ಪ್ಲೇಸ್ಟೇಷನ್‌ಗಿಂತ ಮುಂಚೆ ನುಗ್ಗೋಣ ಅನ್ನೋ ಆತುರ. ಅದೇ ಮೇಳದಲ್ಲಿ ಸೋನಿ ಸರದಿ ಬಂದಾಗ ಸ್ಟೀವ್ ರೇಸ್ ಅನ್ನೋರು ಮೈಕ್ ಮುಂದೆ ಬಂದು "299" ಅಂದ್ರು, ಅಷ್ಟೇ, ಬೇರೆ ಒಂದು ಮಾತಿಲ್ಲ, ಇಳಿದು ಹೋದ್ರು. ಕೂತಿದ್ದೋರು ಚಪ್ಪಾಳೆ ತಟ್ಟಿದ್ರು.

ನೂರು ಡಾಲರ್ ವ್ಯತ್ಯಾಸದ್ದು ದೊಡ್ಡ ಏಟೇ, ಆದ್ರೆ ನಂಗನ್ಸೋದು ಅದಕ್ಕಿಂತ ದೊಡ್ಡ ಏಟು ಅಂಗಡಿಯವ್ರದ್ದು. ಸೆಗಾ ಮಾಲು ಕೊಟ್ಟಿದ್ದು ಕೆಲವೇ ಅಂಗಡಿ ಚೈನ್‌ಗಳಿಗೆ. ಬಿಟ್ಟುಹೋದೋರಿಗೆ ಎಷ್ಟು ಸಿಟ್ಟು ಬಂತಂದ್ರೆ ಕೆಬಿ ಟಾಯ್ಸ್ ಅನ್ನೋ ದೊಡ್ಡ ಆಟಿಕೆ ಚೈನು ಸೆಗಾ ಸಾಮಾನೇ ಇಡಲ್ಲ ಅಂತು. ಗೇಮ್ ಕಂಪನಿಗಳಿಗೂ ಅದೇ ಗತಿ, ಸೆಪ್ಟೆಂಬರ್‌ಗೆ ಅಂತ ಕೂತು ಕೆಲಸ ಮಾಡ್ತಿದ್ದೋರು ಮೇನಲ್ಲಿ ಏನ್ ತಾನೇ ಕೊಡಕ್ಕಾಗತ್ತೆ? ಬೇಸಿಗೆ ಪೂರ್ತಿ ಆಡಕ್ಕೆ ಬೆರಳೆಣಿಕೆ ಗೇಮು. ಮದುವೆ ನಾಲ್ಕು ತಿಂಗಳು ಮುಂಚೆನೇ ಇಟ್ಕೊಂಡು ಅಡುಗೆಯವ್ರಿಗೇ ಹೇಳದೆ ಇದ್ದಂಗೆ. ಸೆಪ್ಟೆಂಬರ್ 9ಕ್ಕೆ ಪ್ಲೇಸ್ಟೇಷನ್ ಬಂತು, ಆಯಸ್ಸು ಮುಗಿಯೋದ್ರೊಳಗೆ 10 ಕೋಟಿ ದಾಟ್ತು. ಸ್ಯಾಟರ್ನ್ ಪ್ರಪಂಚಕ್ಕೆಲ್ಲಾ ಸೇರಿ ಒಂದು ಕೋಟಿನೂ ಮುಟ್ಲಿಲ್ಲ.

ಗೇಮ್ ಕಂಪನಿ ಕೈಬಿಟ್ರೆ ಏನಾಗತ್ತೆ ಅನ್ನೋಕೆ ನಿಂಟೆಂಡೊ 64 ಇದೆ. 1996ರಲ್ಲಿ ಬಂತು, ಒಳ್ಳೇ ಮಶೀನು, ಮಾರಿಯೋ ಮೊದಲ ಸಲ 3ಡಿಯಲ್ಲಿ ಓಡಾಡಿದ್ದು ಅದ್ರಲ್ಲೇ. ಆದ್ರೆ ಅವ್ರು ಗೇಮಿಗೆ ಸೀಡಿ ಬೇಡ, ಕ್ಯಾಸೆಟ್ಟೇ (ಚಿಪ್ ಇರೋ ಕಾರ್ಟ್ರಿಜ್) ಸಾಕು ಅಂದ್ರು. ಆ ಕ್ಯಾಸೆಟ್ಟಲ್ಲಿ ಹೆಚ್ಚಂದ್ರೆ 64 ಎಂಬಿ ಹಿಡಿಸ್ತಿತ್ತು, ಸೀಡಿಯಲ್ಲಿ 650, ಮೇಲಾಗಿ ಸೀಡಿ ಒತ್ತಿಸೋಕೆ ಖರ್ಚೂ ಕಮ್ಮಿ. ಅಲ್ಲೀವರೆಗೂ ನಿಂಟೆಂಡೊ ಮನೆ ಮಗನಂಗಿದ್ದ ಫೈನಲ್ ಫ್ಯಾಂಟಸಿ ಅನ್ನೋ ಗೇಮ್ ಸರಣಿ ಏಳನೇ ಭಾಗಕ್ಕೆ ಬರೋ ಹೊತ್ತಿಗೆ ಗಂಟುಮೂಟೆ ಕಟ್ಕೊಂಡು ಸೋನಿ ಮನೆಗೆ ಹೋಯ್ತು. 1997ರಲ್ಲಿ ಬಂದ ಆ ಗೇಮಿಗೆ ಮೂರು ಸೀಡಿ ಬೇಕಾಯ್ತು ಅಂದ್ಮೇಲೆ ಕ್ಯಾಸೆಟ್ಟಿಗೆ ಹೇಗ್ರೀ ತುರುಕ್ತಾರೆ.

ಪ್ರಶ್ನೆ: ನಮ್ಮನೇಲಿ ಪ್ಲೇಸ್ಟೇಷನ್ 2 ಇತ್ತು, ಅಕ್ಕಪಕ್ಕದ ಮನೇಲೂ ಇತ್ತು. ಅದ್ಯಾಕೆ ಅಷ್ಟು ಓಡ್ತು? (ದಾವಣಗೆರೆ)

ನಿಮ್ಮನೇಲಿ ಯಾರನ್ನ ಹೇಗೆ ಒಪ್ಸಿದ್ರಿ ಅಂತ ನೆನಪು ಮಾಡ್ಕೊಳ್ಳಿ, ಉತ್ತರ ಅಲ್ಲೇ ಇದೆ. ನಮ್ಮಪ್ಪಂಗೆ ಗೇಮ್ ಅಂದ್ರೆ ಆಗ್ತಿರ್ಲಿಲ್ಲ. "ಅಪ್ಪಾ ಇದು ಡಿವಿಡಿ ಪ್ಲೇಯರ್ರೂ ಹೌದು, ಪಿಕ್ಚರ್ ನೋಡ್ಬಹುದು" ಅಂದಾಗ ಪೇಪರ್ ಕೆಳಗಿಟ್ಟು ಮೊದಲನೇ ಸಲ ಮುಖ ನೋಡಿದ್ರು. ಬಂದ್ಮೇಲೆ ಮನೇಲಿ ಅದನ್ನ ಜಾಸ್ತಿ ಉಪಯೋಗ್ಸಿದ್ದು ಅಮ್ಮ, ಜಾಯ್‌ಸ್ಟಿಕ್ ಮಡಿಲಲ್ಲಿ ಇಟ್ಕೊಂಡು, ಕುಕ್ಕರ್ ಕೂಗಿದ್ರೆ ಪಿಕ್ಚರ್ ನಿಲ್ಸಿ ಎದ್ದು ಹೋಗಿ ಮತ್ತೆ ಬಂದು ಓಡ್ಸೋದು. ನನ್ ಸರದಿ ಬರ್ತಿದ್ದಿದ್ದು ರಾತ್ರಿ ಒಂಬತ್ತರ ಮೇಲೆ.

ಜಪಾನಲ್ಲೂ ಆಗಿದ್ದು ಇದೇನೇ. 2000ದ ಮಾರ್ಚ್ 4ಕ್ಕೆ ಅಲ್ಲಿ ಬಿಟ್ಟಾಗ ರೇಟು 39,800 ಯೆನ್, ಆಗಿನ ಎಷ್ಟೋ ಡಿವಿಡಿ ಪ್ಲೇಯರ್‌ಗಳು ಅದಕ್ಕಿಂತ ದುಬಾರಿ ಇದ್ವು. ಬರೀ ಪಿಕ್ಚರ್ ನೋಡಕ್ಕೇ ತಗೊಂಡೋರೂ ಇದ್ರು. ಅದ್ರ ಜೊತೆ ಹಳೇ ಪ್ಲೇಸ್ಟೇಷನ್ ಗೇಮ್‌ಗಳೂ ಅದ್ರಲ್ಲೇ ಓಡ್ತಿದ್ವು, ಅಂದ್ರೆ ಮೊದಲನೇ ದಿನವೇ ಕಪಾಟಲ್ಲಿ ಗೇಮು ತುಂಬಿತ್ತು. ಒಟ್ಟು 16 ಕೋಟಿ ಮೇಲೆ ಹೋಯ್ತು.

ನಮ್ಮ ಕಡೆ ಇನ್ನೊಂದು ಕಾರಣಾನೂ ಇತ್ತು, ಮುಚ್ಚಿಟ್ಟು ಏನ್ ಪ್ರಯೋಜನ, ಚಿಪ್ ಹಾಕಿಸೋದು. ಅಂಗಡೀಲಿ ಬಿಚ್ಚಿ ಒಳಗೊಂದು ಚಿಪ್ ಬೆಸುಗೆ ಹಾಕಿ ಕೊಡ್ತಿದ್ರು, ಆಮೇಲೆ ಕಾಪಿ ಡಿಸ್ಕು ಓಡ್ತಿತ್ತು. ನಂದು ಹಾಗೆ ಹಾಕಿಸಿದ ಮೂರೇ ತಿಂಗಳಿಗೆ ಡಿಸ್ಕ್ ಓದೋದು ನಿಲ್ಸ್ತು, ಅಂಗಡಿಯವನು "ಲೆನ್ಸ್ ಹೋಗಿದೆ ಬಾಸ್" ಅಂತ ಮತ್ತೆ ದುಡ್ಡು ಕಿತ್ಕೊಂಡ.

ಪ್ರಶ್ನೆ: ಪವರ್ ಜಾಸ್ತಿ ಇರೋದೇ ಗೆಲ್ಬೇಕಲ್ವಾ? ಸ್ಪೆಕ್ಸ್ ನೋಡಿ ತಗೊಳ್ಳೋದು ತಪ್ಪಾ? (ಮಂಗಳೂರು)

ತಪ್ಪೇನಿಲ್ಲ, ಆದ್ರೆ ಗೆಲುವಿಗೂ ಅದಕ್ಕೂ ಅಷ್ಟು ನೆಂಟಸ್ತಿಕೆ ಇಲ್ಲ. 1989ರಲ್ಲಿ ನಿಂಟೆಂಡೊ ಬಿಟ್ಟ, ಕೈಯಲ್ಲಿ ಹಿಡಿದು ಆಡೋ ಗೇಮ್ ಬಾಯ್ ನೋಡಿ, ಕಲರ್ ಇಲ್ಲ, ಲೈಟಿಲ್ಲ, ಪಾಚಿ ಹಸಿರು ಸ್ಕ್ರೀನು. ಆಮೇಲೆ ಸೆಗಾ ಗೇಮ್ ಗಿಯರ್ ಬಂತು, ಕಲರ್ ಇತ್ತು, ಲೈಟಿತ್ತು, ಆದ್ರೆ ಆರು ಪೆನ್ಸಿಲ್ ಸೆಲ್ ನುಂಗಿ ಮೂರರಿಂದ ಐದು ಗಂಟೆಗೆಲ್ಲಾ ಮಲಗಿಬಿಡೋದು. ಗೇಮ್ ಬಾಯ್ ನಾಲ್ಕು ಸೆಲ್ಲಲ್ಲಿ ಹತ್ತು ಗಂಟೆ ಮೇಲೆ ಆರಾಮಾಗಿ ನಡೀತಿತ್ತು. ಸೆಲ್ ತಂದುಕೊಡ್ಬೇಕಾಗಿದ್ದು ಅಪ್ಪ ಅಮ್ಮ ತಾನೇ. ಅಮೆರಿಕಾದಲ್ಲಿ ಜೊತೆಗೆ ಟೆಟ್ರಿಸ್ ಅನ್ನೋ ಇಟ್ಟಿಗೆ ಜೋಡ್ಸೋ ಗೇಮ್ ಬೇರೆ ಕೊಟ್ರು, ಅದನ್ನ ಆಡಕ್ಕೆ ವಯಸ್ಸಿನ ಹಂಗೇನಿದೆ.

2006ರಲ್ಲೂ ಅಷ್ಟೇ. ಪ್ಲೇಸ್ಟೇಷನ್ 3 ಅಮೆರಿಕಾದಲ್ಲಿ 499, 599 ಡಾಲರ್, ಅದ್ರೊಳಗಿನ 'ಸೆಲ್' ಅನ್ನೋ ಹೆಸ್ರಿನ ಪ್ರೊಸೆಸರ್ ಗೇಮ್ ಮಾಡೋರಿಗೆ ತಲೆನೋವು. ನಿಂಟೆಂಡೊ ವೀ 249, ಪವರ್ ಲೆಕ್ಕದಲ್ಲಿ ಹಿಂದಿನ ತಲೆಮಾರಿನದ್ದೇ, ಆದ್ರೆ ರಿಮೋಟ್ ಬೀಸಿದ್ರೆ ಟಿವಿಯಲ್ಲಿ ಟೆನಿಸ್. ಅಜ್ಜ ಅಜ್ಜಿಯೂ ಎದ್ದು ನಿಂತು ಬೀಸಿದ್ರು, 10 ಕೋಟಿ ಹೋಯ್ತು.

ಪ್ರಶ್ನೆ: ಹಾಗಾದ್ರೆ ಅದೇ ನಿಂಟೆಂಡೊದ ವೀ ಯೂ ಯಾಕೆ ಬಿತ್ತು? (ಶಿವಮೊಗ್ಗ)

ಹೆಸರು ನೋಡಿ. ವೀ ಆದ್ಮೇಲೆ ವೀ ಯೂ. ಜಾಹೀರಾತಲ್ಲಿ ಬರೀ ಸ್ಕ್ರೀನ್ ಇರೋ ಆ ಕಂಟ್ರೋಲರ್ರೇ ಎದ್ದು ಕಾಣ್ತಿತ್ತು, ಎಷ್ಟೋ ಜನ ಇದು ಹಳೇ ವೀಗೆ ಹಾಕ್ಕೊಳ್ಳೋ ಏನೋ ಒಂದು ಸಾಮಾನು ಅನ್ಕೊಂಡ್ರು. ಮಗುಗೆ ಗಿಫ್ಟ್ ತಗೊಳ್ಳೋ ತಂದೆ ತಾಯಿ ಅಂಗಡೀಲಿ ನಿಂತು "ನಮ್ಮನೇಲಿ ಆಗಲೇ ವೀ ಇದೆಯಲ್ಲ" ಅಂದ್ರೆ ಮುಗೀತು ವ್ಯಾಪಾರ. 2012ರಲ್ಲಿ ಬಂದಿದ್ದು ಒಂದೂವರೆ ಕೋಟಿನೂ ಮುಟ್ಲಿಲ್ಲ. ಐದು ವರ್ಷ ಬಿಟ್ಟು ನಿಂಟೆಂಡೊದ್ದೇ ಸ್ವಿಚ್ ಅನ್ನೋ ಕನ್ಸೋಲ್ ಬಂದಾಗ ನೋಡಿ, ಜಾಹೀರಾತಲ್ಲಿ ಟಿವಿಯಿಂದ ಕಿತ್ಕೊಂಡು ಕೈಯಲ್ಲಿ ಹಿಡ್ಕೊಂಡು ಹೊರಗಡೆ ನಡೆದುಬಿಡ್ತಾರೆ, ಬಾಯ್ಬಿಟ್ಟು ವಿವರಿಸೋ ಗೋಜೇ ಇಲ್ಲ. ಮೊದಲನೇ ದಿನವೇ ಅವ್ರ ಹೆಸರಾಂತ ಜೆಲ್ಡಾ ಸರಣಿಯ ಹೊಸ ಗೇಮ್ ಕೂಡ ಇತ್ತು.

ಪ್ರಶ್ನೆ: ಮಶೀನ್ ಲಾಸಲ್ಲಿ ಮಾರ್ತಾರಂತೆ, ನಿಜವಾ? (ಹಾಸನ)

ಎಷ್ಟೋ ಸಲ ನಿಜ. ಪ್ಲೇಸ್ಟೇಷನ್ 3 ಆ ರೇಟಿಗೂ ಶುರುವಲ್ಲಿ ಲಾಸಲ್ಲೇ ಹೋಗ್ತಿತ್ತು. ಆಮೇಲೆ ಮಾರೋ ಒಂದೊಂದು ಗೇಮಿಂದನೂ ಪಾಲು ಬರತ್ತಲ್ಲ, ಅಲ್ಲಿ ಹೊಂದಿಸ್ಕೋತಾರೆ. ವೀ, ಸ್ವಿಚ್ ಮಾತ್ರ ಶುರುವಿಂದನೇ ಲಾಸಿಲ್ಲದೆ ಮಾರಿದ್ದು.

ಪ್ರಶ್ನೆ: ನಾನು ಗೇಮ್ ಡಿಸ್ಕ್ ಫ್ರೆಂಡ್ಸ್ ಹತ್ರ ಬದಲಾಯಿಸ್ಕೊಂಡು ಆಡೋನು. ಡಿಸ್ಕ್ ಇಲ್ಲದ ಕನ್ಸೋಲ್ ಬಂದ್ರೆ ಜನ ತಗೋತಾರಾ? (ಹುಬ್ಬಳ್ಳಿ)

ಈಗೀಗ ತಗೋತಿದಾರೆ, ಆದ್ರೆ 2013ರಲ್ಲಿ ಈ ಡಿಸ್ಕ್ ಬದಲಾಯಿಸ್ಕೊಳ್ಳೋ ವಿಷ್ಯಕ್ಕೇ ದೊಡ್ಡ ರಂಪ ಆಗಿತ್ತು. ಎಕ್ಸ್‌ಬಾಕ್ಸ್ ಒನ್‌ಗೆ ಆಗಾಗ ಇಂಟರ್‌ನೆಟ್ ಬೇಕೇ ಬೇಕು, ಡಿಸ್ಕ್ ಕೈ ಬದಲಾಯಿಸೋಕೆ ನೂರೆಂಟು ಷರತ್ತು ಅಂತ ಮೈಕ್ರೋಸಾಫ್ಟ್ ಹೇಳ್ತು, ರೇಟು 499. ಸೋನಿ ತನ್ನ ಪ್ಲೇಸ್ಟೇಷನ್ 4ಕ್ಕೆ 399 ಡಾಲರ್ ಅಂತ ಹೇಳಿ ಒಂದು ಪುಟಾಣಿ ವಿಡಿಯೋ ಬಿಡ್ತು, ಗೇಮ್ ಹಂಚಿಕೊಳ್ಳೋದು ಹೇಗೆ ಅಂತ. ಒಬ್ಬ ಡಿಸ್ಕ್ ಕೊಡ್ತಾನೆ, ಇನ್ನೊಬ್ಬ ಥ್ಯಾಂಕ್ಸ್ ಅಂತಾನೆ, ಮುಗೀತು ವಿಡಿಯೋ. ಅದೇ ಜೂನಲ್ಲಿ ಮೈಕ್ರೋಸಾಫ್ಟ್ ಆ ಷರತ್ತೆಲ್ಲಾ ವಾಪಸ್ ತಗೊಳ್ತು, ಆದ್ರೆ ಕೆಟ್ಟ ಹೆಸ್ರು ವಾಪಸ್ ಹೋಗ್ಲಿಲ್ಲ.

ಪ್ರಶ್ನೆ: ಮಗ ಹೊಸ ಕನ್ಸೋಲ್ ಬೇಕೂಂತ ಹಟ ಹಿಡಿದಿದಾನೆ. ಈಗ್ಲೇ ಕೊಡ್ಸಲಾ, ಕಾಯಲಾ? (ಮೈಸೂರಿನ ತಾಯಿಯೊಬ್ರು)

ನೋಡಿ ಮೇಡಂ, ನಾನು ಹೇಳಿದ ದುಡ್ಡು ಬಿಚ್ಚೋರು ನೀವೇ. ಯಾವ ಕನ್ಸೋಲ್ ಅಂತ ಬರ್ದಿಲ್ಲ. ನಿಂಟೆಂಡೊದ್ದಾದ್ರೆ ಒಂದು ಮಾತು, 2025ರ ಜೂನಲ್ಲಿ ಸ್ವಿಚ್ 2 ಬಂದಾಗ್ಲೂ ನಮ್ಮ ದೇಶದಲ್ಲಿ ಅವ್ರ ಅಧಿಕೃತ ಮಾರಾಟ ಇರ್ಲಿಲ್ಲ, ಹೊರಗಿಂದ ತರಿಸಿ ಮಾರೋರ ಹತ್ರಾನೇ ತಗೋಬೇಕು, ರಿಪೇರಿಗೆ ಯಾರ ಹತ್ರ ಹೋಗ್ಬೇಕು ಅಂತ ಮೊದಲೇ ಕೇಳ್ಕೊಳ್ಳಿ. ಪ್ಲೇಸ್ಟೇಷನ್ 5 ಅಮೆರಿಕಾದಲ್ಲಿ 2020ರ ನವೆಂಬರ್‌ಗೆ ಬಂದಿದ್ದು ಇಲ್ಲಿಗೆ 2021ರ ಫೆಬ್ರವರಿ 2ಕ್ಕೆ ಬಂತು, 49,990 ರೂಪಾಯಿ, ಕಾದೋರಿಗೆ ಏನೂ ನಷ್ಟ ಆಗ್ಲಿಲ್ಲ, ಶುರುವಲ್ಲಿ ಇದ್ದ ದೊಡ್ಡ ಗೇಮ್‌ಗಳಲ್ಲಿ ಕೆಲವು ಪ್ಲೇಸ್ಟೇಷನ್ 4ರಲ್ಲೂ ಸಿಗ್ತಿದ್ವು.

ಮಗನಿಗೆ ಒಂದು ಹಾಳೆ ಕೊಡಿ. ಆ ಕನ್ಸೋಲಲ್ಲಿ ಬಿಟ್ಟು ಬೇರೆ ಎಲ್ಲೂ ಸಿಗದ, ಅವನು ನಿಜವಾಗ್ಲೂ ಆಡೋ ಐದು ಗೇಮ್ ಹೆಸರು ಬರಿ ಅನ್ನಿ, ಮೊಬೈಲ್ ನೋಡದೆ. ಐದೂ ಬರೆದ್ರೆ ಕೊಡ್ಸಿ. ಎರಡಕ್ಕೇ ಪೆನ್ನು ಕಚ್ಕೊಂಡು ಕೂತ್ರೆ ದೀಪಾವಳಿ ಆಫರ್‌ವರೆಗೆ ತಳ್ಳಬಹುದು.